ನುಂಗಿದವರಾರು, ನುಂಗಿಸಿಕೊಂಡವರಾರು?

ಸಂತ ಶಿಶುನಾಳ ಶರೀಫರ (1819-1889) 'ಕೋಡಗನ ಕೋಳಿ ನುಂಗಿತ್ತ' ತತ್ವಪದವನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಕೇಳದವರು ವಿರಳ. 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ಚಿತ್ರ ಹಾಗೂ ಸಿ. ಅಶ್ವತ್ಥರ ಸಂಗೀತ ಶರೀಫರ ಪದಗಳನ್ನು ಮನೆಮನೆಗೆ ತಲುಪಿಸಿದವು. ಈ ಪದ ಕೇಳಿದ ಮಕ್ಕಳು ನಗುತ್ತಾರೆ, ಹಿರಿಯರು ತಲೆದೂಗುತ್ತಾರೆ. ಆದರೆ ಅದರ ಅರ್ಥದ ಗೊಡವೆಗೆ ಹೋಗುವವರೆಷ್ಟು ಮಂದಿ?

ಹಾಡಿನ ನುಂಗಾಟಕ್ಕೊಂದು ಕ್ರಮವಿದೆ. ನೆಲ್ಲಿನ ಬಳಿಗೆ ಬಂದ ಮುದುಕಿಯನ್ನು ನೆಲ್ಲೇ ನುಂಗುತ್ತದೆ. ನರ್ತಕಿಯನ್ನು ಮದ್ದಳೆ ನುಂಗುತ್ತದೆ. ನೇಕಾರನನ್ನು ಅವನು ಕುಳಿತ ಮಗ್ಗದ ಕುಣಿಯೇ ನುಂಗುತ್ತದೆ. ಅರ್ಥಾತ್, ಮನುಷ್ಯನ ಸೇವೆಗೆಂದು ಇದ್ದ ವಸ್ತುವೇ ಅವನ ಒಡೆಯನಾಗುತ್ತದೆ. ಶರೀಫರು ಹೇಳಿದ್ದು ಆಧ್ಯಾತ್ಮಿಕ ಸತ್ಯ, ನಿಜ. ಅವರ ಕಾಲದಲ್ಲಿ ಕಂತಿನ ವ್ಯಾಪಾರವಾಗಲಿ ಜಾಹೀರಾತಿನ ಅಬ್ಬರವಾಗಲಿ ಇರಲಿಲ್ಲ. ಆದರೂ ಇಂದಿನ ಕೊಳ್ಳುಬಾಕ ಸಂಸ್ಕೃತಿಗೆ ಇದಕ್ಕಿಂತ ನಿಖರವಾದ ಕನ್ನಡಿ ದೊರಕಲಾರದು. 'ಹೊಟ್ಟೆಬಾಕ' ಎಂಬ ಪದದಂತೆ 'ಕೊಳ್ಳುಬಾಕ' ಎಂಬುದೂ ಹಸಿವಿಲ್ಲದೆ ತಿನ್ನುವವನನ್ನೇ ಸೂಚಿಸುತ್ತದೆ. ನಾವು ಸರಕನ್ನು ಅನುಭೋಗಿಸುತ್ತೇವೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಸರಕು ನಮ್ಮ ದುಡಿಮೆಯನ್ನು ಅನುಭೋಗಿಸುತ್ತಿರುತ್ತದೆ.

ನಮ್ಮ ಜಿಲ್ಲೆಯನ್ನೇ ನೋಡಿರಿ. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ನಾಲೆಯ ನೀರಿದೆ. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಹೊಲಗಳಿಗೆ ಮಳೆಯೇ ಆಧಾರ. ಮಳೆ ಕೈಕೊಟ್ಟರೆ ಗುಳೆ ಹೋಗುವುದು ಅನಿವಾರ್ಯ. ಬೆಂಗಳೂರಿನಲ್ಲಿ ಆರು ತಿಂಗಳು ಗಾರೆ ಹೊತ್ತು ತಂದ ಹಣ ಒಂದೇ ರಾತ್ರಿಯ ಶಾಮಿಯಾನ, ದೀಪಾಲಂಕಾರ, ವಲೀಮಾದ ಬಗೆಬಗೆಯ ಭಕ್ಷ್ಯಗಳಲ್ಲಿ ಕರಗಿಹೋದರೆ ನುಂಗಿದವರಾರು? ಸಾಲದ ಕಂತು ತೀರುವ ಮುನ್ನವೇ ಹಳತಾಗುವ ಮೊಬೈಲ್ ಯಾರನ್ನು ನುಂಗಿತು?

ಇಲ್ಲೊಂದು ಎಚ್ಚರ ಅಗತ್ಯ. ಸಾಲಗಾರರೆಲ್ಲರೂ ದುಂದುಗಾರರಲ್ಲ. ಆಸ್ಪತ್ರೆಗೆ, ಬಿತ್ತನೆಗೆ, ಮಕ್ಕಳ ಶಾಲೆಗೆ ಸಾಲ ಮಾಡಿದ ಬಡವನಿಗೆ ಮಿತವ್ಯಯದ ಪಾಠ ಹೇಳುವುದು ಕ್ರೌರ್ಯ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದುದರಿಂದ ಪ್ರಶ್ನೆ ಮೊದಲು ಉಳ್ಳವರಿಗೆ ಸಲ್ಲಬೇಕು. ಶ್ರೀಮಂತನ ಮದುವೆ ಮಂಟಪವೇ ನೆರೆಯ ಬಡವನ ಮಗಳ ಮದುವೆಗೆ ಅಳತೆಗೋಲಾಗುತ್ತದೆ. ಇಸ್ರಾಫ್ ಅಂದರೆ ದುಂದುವೆಚ್ಚ ನಿಷಿದ್ಧವೆಂದು ಬಲ್ಲ ನಾವು ಅದನ್ನು ಮನೆತನದ ಗೌರವದ ಹೆಸರಿನಲ್ಲಿ ಸ್ವಾಗತಿಸುತ್ತಿರುವುದು ವಿಪರ್ಯಾಸವಲ್ಲವೇ? ಉಳ್ಳವನೊಬ್ಬ ಸರಳ ನಿಕಾಹ್ ನೆರವೇರಿಸಿದರೆ ಅದು ಇಡೀ ಮೊಹಲ್ಲಾಕ್ಕೆ ಸಲ್ಲಿಸಿದ ಸೇವೆ.

ಪದದ ಕೊನೆಗೆ ಗುರು ಗೋವಿಂದನ ಪಾದ ಕವಿಯ ಆತ್ಮವನ್ನೇ ನುಂಗುತ್ತದೆ. ಅದು ಸೋಲಲ್ಲ, ಬಿಡುಗಡೆ. ಮನುಷ್ಯ ಯಾವುದಾದರೊಂದಕ್ಕೆ ತನ್ನನ್ನು ಒಪ್ಪಿಸಿಕೊಂಡೇ ಬದುಕುತ್ತಾನೆ. ಆ ಒಂದು ಯಾವುದು ಎಂಬುದೇ ಪ್ರಶ್ನೆ. ಮುಂದಿನ ಕಂತಿನ ಕಾಗದಕ್ಕೆ ಸಹಿ ಹಾಕುವ ಮುನ್ನ ಮನೆಮಂದಿಯೆಲ್ಲ ಕುಳಿತು ಅದನ್ನು ಒಮ್ಮೆ ಕೇಳಿಕೊಳ್ಳಲಿ.