ಮಳೆ ಲೆಕ್ಕ ಪಂಚಾಯಿತಿ ಗೋಡೆಗೆ ಬರಲಿ



ತಾಲ್ಲೂಕಿನಲ್ಲಿ ವಾಡಿಕೆ ಮಳೆಯಾಗಿದೆ ಎಂಬ ಸುದ್ದಿ ಓದಿದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಮಳೆಯಾಶ್ರಿತ ರೈತರಿಗೆ ಸಮಾಧಾನವಾಗುವುದಿಲ್ಲ. ಇಲ್ಲಿ ಬೀಳುವುದರಲ್ಲಿ ಗುಡುಗು ಮಳೆಯೇ ಹೆಚ್ಚು. ಒಂದು ಊರಿನ ಬದು ಒಡೆದು ಹರಿಯುವಷ್ಟು ಸುರಿದ ಮೋಡ ಹಳ್ಳದಾಚೆಯ ಹೊಲದಲ್ಲಿ ಮಣ್ಣು ಕೂಡ ನೆನೆಸುವುದಿಲ್ಲ. ಎಕರೆಗೆ 10 ಮಿ.ಮೀ. ಮಳೆಯೆಂದರೆ ಸುಮಾರು 40 ಸಾವಿರ ಲೀಟರ್ ನೀರು. ಅದು ಪಕ್ಕದೂರಿಗೆ ಬಿದ್ದರೆ ಸರಾಸರಿ ಅಂಕಿ ನಮ್ಮ ಮೆಕ್ಕೆಜೋಳವನ್ನು ಉಳಿಸದು.

ಬೀಳುವ ಹೊತ್ತು ಇನ್ನೂ ಮುಖ್ಯ. ಮೃಗಶಿರಾ, ಆರಿದ್ರಾಕ್ಕೆ ಬಿತ್ತಿದ ಪೈರು ಸೂಲಂಗಿ ಬಿಡುವಾಗ ಮೂರು ವಾರ ಒಣಗಿದರೆ ಮುಗಿಯಿತು. ಆಮೇಲೆ ಉತ್ತರೆ ಮಳೆ ಎಷ್ಟು ಸುರಿದರೂ ಹಂಗಾಮಿನ ಲೆಕ್ಕ ಸರಿಹೋಗುತ್ತದೆಯೇ ಹೊರತು ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಘೋಷಣೆ ಇಂದಿಗೂ ತಾಲ್ಲೂಕು ಲೆಕ್ಕದಲ್ಲೇ. ಆದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅಂದರೆ ನಮ್ಮ ಪಂಚಾಯಿತಿಯ ಅಂಕಿ ಸರ್ಕಾರದ ಬಳಿ ಇದೆ, ನಮ್ಮ ಕಣ್ಣಿಗೆ ಮಾತ್ರ ಬೀಳುತ್ತಿಲ್ಲ. ಮೊಬೈಲಿನಲ್ಲಿ ಅದನ್ನು ಹುಡುಕಲು ಎಲ್ಲ ಹಿರಿಯರಿಗೂ ಬರುವುದಿಲ್ಲ.

ವಿಜಯನಗರ ಜಿಲ್ಲಾಡಳಿತ ಈ ಐದು ತಾಲ್ಲೂಕುಗಳ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ವಾರವಾರದ ಮಳೆ ಅಂಕಿಯನ್ನು ಬರೆಸಬೇಕು. ಕೆಟ್ಟ ಮಾಪಕಗಳನ್ನು ಮುಂಗಾರಿಗೆ ಮುನ್ನ ರಿಪೇರಿ ಮಾಡಿಸಬೇಕು. ಬೆಳೆಹಾನಿ ಪರಿಹಾರ ನಿರ್ಧರಿಸುವಾಗ ಮಳೆಯಿಲ್ಲದ ವಾರಗಳನ್ನೂ ಪಂಚಾಯಿತಿವಾರು ಎಣಿಸಬೇಕೆಂದು ವಿನಂತಿ.

— ಒಬ್ಬ ರೈತ, ಕೊಟ್ಟೂರು ತಾಲ್ಲೂಕು