ಎದೆ ನಡುಗಿಸುವ ಸದ್ದು ಯಾರಿಗಾಗಿ?

ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ಲಾರಿ ಬಂದರೆ ಹಾಡು ಕೇಳುವ ಮೊದಲೇ ಕಿಟಕಿಯ ಗಾಜು ಅದುರುತ್ತದೆ. ಇದು ಸಬ್‌ವೂಫರ್ ಪೆಟ್ಟಿಗೆಗಳ ಪ್ರತಾಪ.

ಪೆಟ್ಟಿಗೆ ಚಿಕ್ಕದಿರಬೇಕು, ಸ್ವರ ಮಂದ್ರಕ್ಕಿಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿಯೂ ಕೇಳಬೇಕು. ಈ ಮೂರೂ ಒಟ್ಟಿಗೆ ಸಿಗುವುದಿಲ್ಲ, ಒಂದನ್ನು ಬಿಡಲೇಬೇಕು. ದುರದೃಷ್ಟವೆಂದರೆ ಅಬ್ಬರವನ್ನು ಮಾತ್ರ ಯಾರೂ ಬಿಡುವುದಿಲ್ಲ. ಮಂದ್ರ ಏರಿದಂತೆ ಹಾಡನ್ನೂ ಅದಕ್ಕೆ ಸರಿಯಾಗಿ ಏರಿಸುತ್ತಾರೆ. ಪೆಟ್ಟು ಬೀಳುವುದು ಒಳಗಿವಿಗೆ. ಅಲ್ಲಿನ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

50 ಹರ್ಟ್ಸ್ ಸ್ವರದ ಅಲೆಯ ಉದ್ದ ಸುಮಾರು 7 ಮೀಟರ್. ಅದು ಗೋಡೆಗೆ ಸುಲಭವಾಗಿ ಜಗ್ಗುವುದಿಲ್ಲ. ಪೆಟ್ಟಿಗೆಯ ಹಿಂದಕ್ಕೂ ಹರಡುತ್ತದೆ. ಮನೆಯೊಳಗಿನ ಹಸುಗೂಸು, ವೃದ್ಧರು, ರೋಗಿಗಳ ನಿದ್ದೆ ಕೆಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿವೆ. ಆದರೆ ಅಲ್ಲಿ ಬಳಸುವ 'ಎ' ಮಾಪನ 50 ಹರ್ಟ್ಸ್ ಸದ್ದನ್ನು ಸುಮಾರು 30 ಡೆಸಿಬಲ್ ಕಡಿಮೆ ಲೆಕ್ಕ ಹಾಕುತ್ತದೆ. ಮಂದ್ರವನ್ನು ಹೆಚ್ಚು ಗಣಿಸುವ 'ಸಿ' ಮಾಪನದಲ್ಲೂ ಅಳೆಯುವುದು ಅಗತ್ಯ.

ವೇದಿಕೆ ಕಾರ್ಯಕ್ರಮಗಳಲ್ಲಿ ಕೆಲವು ಪೆಟ್ಟಿಗೆಗಳನ್ನು ಹಿಂದಕ್ಕೆ ತಿರುಗಿಸಿ, ಅವುಗಳ ಸದ್ದನ್ನು ಲೆಕ್ಕಾಚಾರದಿಂದ ತುಸು ತಡವಾಗಿ ಹೊರಡಿಸಿದರೆ ಹಿಂಬದಿಯ ಗದ್ದಲ ಬಹಳಷ್ಟು ಅಡಗುತ್ತದೆ. ಪೆಟ್ಟಿಗೆ ಹೆಚ್ಚು ಬೇಕು, ಮುಂದಿನ ಅಬ್ಬರ ಕೊಂಚ ತಗ್ಗುತ್ತದೆ. ಈ ನಷ್ಟವನ್ನು ಸಂಘಟಕರು ಸಂತೋಷದಿಂದ ಒಪ್ಪಬೇಕು. ಬೀದಿಯಲ್ಲಿ ಸಾಗುವ ಲಾರಿಗಾದರೋ ಸದ್ದು ಇಳಿಸುವುದೊಂದೇ ಮದ್ದು.

ಮಕ್ಕಳನ್ನು ಪೆಟ್ಟಿಗೆಗಳಿಂದ ದೂರ ನಿಲ್ಲಿಸಿ. ಕಿವಿಗೆ ಹತ್ತಿ ತುರುಕಿದರೆ ಸಾಲದು. ಮರುದಿನವೂ ಕಿವಿ ಗುಂಯ್‌ಗುಟ್ಟಿದರೆ ತಡಮಾಡದೆ ಕಿವಿ ತಜ್ಞರನ್ನು ಕಾಣಿ.