ಬಿಚ್ಚಿ ಒಗೆಯಲು ಬಾರದ ದಿಂಬು ಮನೆಗೆ ಬೇಡ

ಸೋಫಾ ದಿಂಬಿಗೆ ಬಿಚ್ಚಿ ಒಗೆಯಲು ಬರುವ ಗವಸು ಇರಬೇಕು. ಅದನ್ನು ನಾವೇ ಹೊಲಿದುಕೊಳ್ಳಬೇಕು. ಇಷ್ಟೇ ನಮ್ಮ ವಾದ. ದಿಂಬಿನ ಗವಸಿಗೂ ಒಂದು ವಾದ ಬೇಕಾ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ನಮ್ಮ ಕಡೆ ತಲೆದಿಂಬನ್ನು ಗವಸಿಲ್ಲದೆ ಬಳಸುವವರು ಕಡಿಮೆ. ಎಣ್ಣೆ, ಬೆವರು ಹತ್ತುತ್ತದೆ ಅಂತ ಆಗಾಗ ಬಿಚ್ಚಿ ಒಗೆದು ಬಿಸಿಲಿಗೆ ಹಾಕುತ್ತೇವೆ. ಅದೇ ಮನೆಯ ಪಡಸಾಲೆಯಲ್ಲಿರುವ ಸೋಫಾ ದಿಂಬು ನೋಡಿ. ಎಷ್ಟೋ ಕಡೆ ನಾಲ್ಕೂ ಬದಿ ಮುಚ್ಚಿ ಹೊಲಿದಿರುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲಕ್ಕೆ ಊರ ತುಂಬ ಧೂಳು, ಆ ಧೂಳೆಲ್ಲ ಅದರ ಮೇಲೆ. ಮಗು ಹಾಲು ಕಕ್ಕಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗುತ್ತೇವೆ. ಇಡೀ ದಿಂಬನ್ನೇ ನೀರಿಗೆ ಹಾಕಿದರೆ ಒಳಗಿನ ಹತ್ತಿ ಗಂಟು ಕಟ್ಟುತ್ತದೆ, ಬೇಗ ಒಣಗುವುದೂ ಇಲ್ಲ. ಹಾಸಿಗೆ, ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳು ಬೆಳೆಯುತ್ತವೆ. ಅಸ್ತಮಾ, ಅಲರ್ಜಿ ಇರುವವರಿಗೆ ಅವುಗಳಿಂದ ತೊಂದರೆ. ಬಿಸಿನೀರಲ್ಲಿ ಗವಸು ಒಗೆಯುವುದು ಅದಕ್ಕೊಂದು ಪರಿಹಾರ. ಆದರೆ ಗವಸೇ ಬಿಚ್ಚದಿದ್ದರೆ ಒಗೆಯುವುದು ಏನನ್ನು?

ಒಗೆಯಲು ಬಾರದ್ದು ಬೇಗ ಕೊಳೆಯಾಗುತ್ತದೆ. ದುಗ್ಗಮ್ಮನ ಜಾತ್ರೆಗೆ ನೆಂಟರು ಬರುತ್ತಾರೆ ಅಂದಾಗ ಹಳೆಯದನ್ನು ಅಟ್ಟಕ್ಕೆ ಎಸೆದು ಹೊಸದು ತರುತ್ತೇವೆ. ಲಾಭ ಯಾರಿಗೆ ಅಂತ ಬೇರೆ ಹೇಳಬೇಕಿಲ್ಲ. ಫೋನಿನಲ್ಲಿ ಐದರ ಸೆಟ್ ತರಿಸಿದರೂ ಕಥೆ ಅಷ್ಟೇ. ಅಳತೆ ಹೆಚ್ಚುಕಮ್ಮಿ, ನಾಲ್ಕು ಸಲ ಒಗೆದರೆ ಚೈನು ಬಾಯಿ ಬಿಡುತ್ತದೆ. ಬಟ್ಟೆ ಪಾಲಿಯೆಸ್ಟರ್ ಆದರೆ ಏಪ್ರಿಲ್ ಬಿಸಿಲಿಗೆ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಈ ಮಾತು ಯಾವ ಊರಲ್ಲಿ ಹೇಳುತ್ತಿದ್ದೇವೆ ನೋಡಿ. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಸುತ್ತಲಿನ ಕಪ್ಪು ಮಣ್ಣಿನಲ್ಲಿ ಹತ್ತಿ, ಊರೊಳಗೆ ಹತ್ತಿ ಮಿಲ್ಲು. ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದಲ್ಲಿ ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿನ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ಬಟ್ಟೆಯ ನೂಲಿಗೆ ಬೇಕಾದ ಎಳೆ ತಯಾರಾಗುತ್ತದೆ. ಹತ್ತಿಯನ್ನೂ ಎಳೆಯನ್ನೂ ಕಂಡ ಈ ಸೀಮೆಯವರು ಒಂದೂವರೆ ಅಡಿಯ ಚೌಕದ ಗವಸಿಗೆ ಎಲ್ಲಿಂದಲೋ ಬರುವ ಪಾರ್ಸಲ್ ಕಾಯುತ್ತ ಕೂರಬೇಕಾ?

ಚೈನು ಹಾಕಲು ಬರುವುದಿಲ್ಲ ಅನ್ನುತ್ತೀರಿ. ಚೈನೂ ಬೇಡ, ಗುಂಡಿ ಕಾಜವೂ ಬೇಡ. ಲೆಕ್ಕ ನೋಡಿ.

ದಿಂಬು 16 ಇಂಚು ಚೌಕ ಎಂದಿಟ್ಟುಕೊಳ್ಳಿ. ಬೇಕಾದದ್ದು 17 ಇಂಚು ಅಗಲ, 39 ಇಂಚು ಉದ್ದದ ಒಂದೇ ಪಟ್ಟಿ. ಒಂದು ಮೀಟರ್ ಅಂದರೆ 39 ಇಂಚಿಗಿಂತ ಕೊಂಚ ಹೆಚ್ಚು. ಹಾಗಾಗಿ 36 ಇಂಚು ಪನ್ನದ ಬಟ್ಟೆ ಒಂದು ಮೀಟರ್ ತಂದರೆ ಎರಡು ಗವಸು. ಪರದೆ ಬಟ್ಟೆಯ 54 ಇಂಚು ಪನ್ನವಾದರೆ ಮೂರು. ಮೀಟರಿಗೆ 80 ರೂಪಾಯಿ ಅಂತ ಹಿಡಿದರೂ 36 ಇಂಚಿನದರಲ್ಲಿ ಗವಸಿಗೆ 40 ರೂಪಾಯಿ ಬಿತ್ತು, ಮೇಲೆ ದಾರದ ಖರ್ಚು. ಮನೆಯಲ್ಲಿ ಹಳೇ ಕಾಟನ್ ಸೀರೆ ಇದ್ದರೆ ದಾರದ್ದಷ್ಟೇ ಖರ್ಚು. ಐದೂವರೆ ಮೀಟರ್ ಸೀರೆಯಲ್ಲಿ ಸವೆದ ಭಾಗ ಬಿಟ್ಟರೂ ಆರು ಗವಸು ಬರುತ್ತವೆ. ತೆಳ್ಳಗಿದ್ದರೆ ಎರಡು ಪದರ ಹಾಕಿ, ಆಗ ಮೂರು.

ಹೊಲಿಯುವುದು ಹೀಗೆ. ಹೊಸ ಕಾಟನ್ ಆದರೆ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ದಿಂಬು ಒಳಗೆ ಹೋಗುವುದಿಲ್ಲ. ಪಟ್ಟಿಯ ಎರಡು ಗಿಡ್ಡ ಅಂಚುಗಳನ್ನು ಅರ್ಧರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿಯಿರಿ. ಈಗ ಉದ್ದ 37 ಇಂಚು. ಬಟ್ಟೆಯ ಅಂದದ ಬದಿ ಮೇಲೆ ಬರುವಂತೆ ಹಾಸಿ. ಎರಡೂ ತುದಿಗಳನ್ನು ನಡುವಿಗೆ ತಂದು ಒಂದರ ಮೇಲೊಂದು 5 ಇಂಚು ಕೂರಿಸಿ. ಎತ್ತರ ಸರಿಯಾಗಿ 16 ಇಂಚು ಬರುತ್ತದೆ. ನೆನೆಸಿದಾಗ ಉದ್ದ ಒಂದು ಇಂಚು ಕಡಿಮೆಯಾಗಿದ್ದರೆ 4 ಇಂಚು ಕೂರಿಸಿದರೂ ಸಾಕು. ಎರಡು ಪಕ್ಕಗಳಿಗೆ ಅರ್ಧ ಇಂಚು ಬಿಟ್ಟು ಹೊಲಿಗೆ ಹಾಕಿ. ಎಳೆ ಬಿಚ್ಚದಂತೆ ಅದರ ಪಕ್ಕ ಇನ್ನೊಂದು ಸಾಲು ಹಾಕಿ. ತಿರುವಿ ಹಾಕಿ ದಿಂಬು ತೂರಿಸಿ. ಮುಗಿಯಿತು. ಒಟ್ಟು ಆರು ನೇರ ಹೊಲಿಗೆ. ಯಂತ್ರ ಇಲ್ಲದಿದ್ದರೆ ಕೈಹೊಲಿಗೆಯೂ ಆದೀತು. ಚಿಂದಿ ಜೋಡಿಸಿ ಇಡೀ ಕೌದಿ ಹೊಲಿದ ಅಜ್ಜಿಯಂದಿರ ಮೊಮ್ಮಕ್ಕಳಿಗೆ ಇದೇನು ಮಹಾ?

ಇಲ್ಲಿ ಒಂದು ನ್ಯಾಯವಾದ ತಕರಾರು ಇದೆ. "ಅಡುಗೆ, ಹೊಲ, ದನ, ಮಕ್ಕಳು ಸಾಲದು ಅಂತ ಇದನ್ನೂ ಹೆಂಗಸರ ತಲೆಗೇ ಕಟ್ಟುತ್ತೀರಾ?" ಇಲ್ಲ. ಕಟ್ಟಬಾರದು ಅಂತಲೇ ಹೇಳುತ್ತಿದ್ದೇವೆ. ಪೇಟೆಯ ಟೈಲರ್ ಅಂಗಡಿಯಲ್ಲಿ ಪೆಡಲ್ ತುಳಿಯುವ ಗಂಡಸನ್ನು ನೋಡಿ ಯಾರೂ ನಗುವುದಿಲ್ಲ. ಅಲ್ಲಿ ಅದು ಕಸುಬು, ಅದಕ್ಕೆ ಕೂಲಿ ಉಂಟು. ಮನೆಗೆ ಬಂದರೆ ಅದೇ ಹೊಲಿಗೆ ಹೆಣ್ಣುಮಕ್ಕಳ ಬಿಡುವಿನ ಕೆಲಸ, ಕೂಲಿ ಇಲ್ಲ. ಈ ಮೋಸ ನಿಲ್ಲಬೇಕು. ಸೋಫಾ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುವ ಹುಡುಗ ತನ್ನ ಬೆನ್ನ ಹಿಂದಿನ ದಿಂಬಿಗೆ ಆರು ನೇರ ಹೊಲಿಗೆ ಹಾಕಲಿ. ಪಕ್ಕದ ಮನೆಯ ಅಕ್ಕ ಹೊಲಿದು ಕೊಟ್ಟರೆ "ಸುಮ್ನೆ ಒಂದು ಹಾಕ್ಕೊಡಕ್ಕ" ಅನ್ನುವುದು ಬಿಟ್ಟು ಹೊಲಿಗೆಗೆ ಇಷ್ಟು ಅಂತ ದುಡ್ಡು ಕೊಡಿ.

ಇನ್ನು ಸರ್ಕಾರದ ಹೊಲಿಗೆ ಯಂತ್ರಗಳ ವಿಷಯ. ಹಂಚುವ ದಿನ ವೇದಿಕೆ, ಹಾರ, ಪೇಪರಿನಲ್ಲಿ ಫೋಟೋ. ಆಮೇಲೆ ಆ ಯಂತ್ರ ಓಡುತ್ತಿದೆಯಾ, ಸೀರೆ ಹೊದ್ದು ಮೂಲೆಯಲ್ಲಿದೆಯಾ ಅಂತ ಕೇಳುವವರು ಯಾರು? 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಒಳ್ಳೆಯದೇ. ಆದರೆ ಹಳ್ಳಿಯಲ್ಲಿ ಹೊಲಿಗೆ ಕಲಿತವರೆಲ್ಲ ಬ್ಲೌಸಿಗೇ ಕೂರುತ್ತಾರೆ. ಒಂದೇ ಊರಲ್ಲಿ ಹತ್ತು ಜನ ಬ್ಲೌಸ್ ಹೊಲಿದರೆ ಹತ್ತೂ ಜನಕ್ಕೆ ಗಿರಾಕಿ ಸಾಲದು. ಬ್ಲೌಸ್ ಕಟಿಂಗ್ ಕಲಿಯಲು ತಿಂಗಳುಗಳು ಬೇಕು, ಗವಸಿಗೆ ಒಂದು ಮಧ್ಯಾಹ್ನ ಸಾಕು. ದಿಂಬಿನ ಗವಸು, ಲೋಡಿನ ಗವಸು, ಸೋಫಾ ಹೊದಿಕೆ, ಶಾಲೆ ಚೀಲ: ಇವನ್ನೂ ತರಬೇತಿಯಲ್ಲಿ ಕಲಿಸಲಿ.

ನಮ್ಮ ಒತ್ತಾಯ ಮೂರು. ದಿಂಬು ಕೊಳ್ಳುವಾಗ "ಗವಸು ಬಿಚ್ಚುತ್ತದಾ?" ಅಂತ ಕೇಳಿ, ಇಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ಮುಂದಿನ ಸಭೆಯಲ್ಲಿ ಊರಲ್ಲಿ ಎಷ್ಟು ಯಂತ್ರ ಸುಮ್ಮನೆ ಕೂತಿವೆ ಅಂತ ಲೆಕ್ಕ ಹಾಕಿ, ಯಂತ್ರ ಇಲ್ಲದವರಿಗೆ ಸರದಿಯಲ್ಲಿ ಕೊಡಿ. ಅಂಗನವಾಡಿ, ಪಂಚಾಯ್ತಿ ಕಚೇರಿಗಳಿಗೆ ಬೇಕಾದ ಗವಸು, ಪರದೆಗಳ ಕೆಲಸ ಊರಿನ ಹೊಲಿಗೆಯವರಿಗೇ ಸಿಗಲಿ, ಕೂಲಿಯೂ ಸರಿಯಾಗಿ ಸಿಗಲಿ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಹಳೇ ಸೀರೆ ಇವತ್ತೇ ಹೊರಗೆ ತೆಗೆಯಿರಿ. ಅಳತೆ ಮೇಲೆಯೇ ಇದೆ.